ನಾಲ್ಕು ಅಂಕದ ಅಳತೆ

‘ಇನ್‌ಫೆಕ್ಷನ್ ಬ್ಲಡ್ಡಿಗೆ ಹೋಗಿದೆ, ಪ್ಲೇಟ್‌ಲೆಟ್ ಇಳೀತಾ ಇದೆ.’ ಐಸಿಯು ಬಾಗಿಲಲ್ಲಿ ವೈದ್ಯರು ಹೀಗೆಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ಡೆಂಗಿ ನೆನಪಾಗುತ್ತದೆ. ನೆಂಟರು ರಕ್ತ ಕೊಡುವವರನ್ನು ಹುಡುಕಲು ಫೋನು ಹಿಡಿಯುತ್ತಾರೆ. ಆದರೆ ಸೆಪ್ಸಿಸ್‌ನಲ್ಲಿ ಪ್ಲೇಟ್‌ಲೆಟ್ ಇಳಿಯುವ ಕತೆ ಬೇರೆ. ಸೋಂಕಿಗೆ ದೇಹ ಅಂಕೆಮೀರಿ ಪ್ರತಿಕ್ರಿಯಿಸಿದಾಗ ರಕ್ತನಾಳಗಳ ಒಳಪದರ ಕೆಡುತ್ತದೆ. ಕೂದಲಿಗಿಂತ ಸಣ್ಣ ನಾಳಗಳಲ್ಲಿ ಅಲ್ಲಲ್ಲೇ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಪ್ಲೇಟ್‌ಲೆಟ್ಟೂ ಹೆಪ್ಪುಗಟ್ಟಿಸುವ ಪ್ರೋಟೀನುಗಳೂ ಅಲ್ಲೇ ಖರ್ಚಾಗಿ, ಕಿಡ್ನಿ, ಲಿವರ್, ಶ್ವಾಸಕೋಶಗಳಿಗೆ ರಕ್ತ ಸರಿಯಾಗಿ ತಲುಪದಂತಾಗುತ್ತದೆ. ಅದೇ ಹೊತ್ತಿಗೆ ಸೂಜಿ ಚುಚ್ಚಿದ ಜಾಗದಿಂದ ರಕ್ತ ಒಸರುವುದೂ ಉಂಟು. ಈ ವಿಪರೀತ ಸ್ಥಿತಿಗೆ ವೈದ್ಯರು ಡಿಐಸಿ ಎನ್ನುತ್ತಾರೆ.

ಇದನ್ನು ಮುಂಚೆಯೇ ಹಿಡಿಯಲು ಜಪಾನಿನ ತೋಶಿಯಾಕಿ ಇಬಾ ಮತ್ತು ಸಂಗಡಿಗರು 2017ರಲ್ಲಿ ಒಂದು ಅಂಕಪಟ್ಟಿ ಮುಂದಿಟ್ಟರು. ಅದರ ಹೆಸರು ಎಸ್‌ಐಸಿ ಸ್ಕೋರ್. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆಯಿದ್ದರೆ ಒಂದು ಅಂಕ, ಒಂದು ಲಕ್ಷಕ್ಕಿಂತ ಕಡಿಮೆಯಾದರೆ ಎರಡು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ಹೇಳುವ ಐಎನ್‌ಆರ್ 1.2 ದಾಟಿದರೆ ಒಂದು, 1.4 ದಾಟಿದರೆ ಎರಡು. ಅಂಗಾಂಗಗಳ ಏರುಪೇರನ್ನು ಅಳೆಯುವ ‘ಸೋಫಾ’ ಲೆಕ್ಕದಿಂದ ಗರಿಷ್ಠ ಎರಡು. ಒಟ್ಟು ನಾಲ್ಕು ಮುಟ್ಟಿ, ಅದರಲ್ಲಿ ಪ್ಲೇಟ್‌ಲೆಟ್ ಮತ್ತು ಐಎನ್‌ಆರ್‌ನ ಪಾಲು ಎರಡನ್ನು ಮೀರಿದ್ದರೆ ರೋಗಿಯ ಹೆಪ್ಪುಗಟ್ಟುವ ವ್ಯವಸ್ಥೆ ಹದಗೆಟ್ಟಿದೆ ಎಂದರ್ಥ.

ಇದರ ದೊಡ್ಡ ಗುಣ ಸರಳತೆ. 2001ರಲ್ಲಿ ಬಂದ ಅಂತಾರಾಷ್ಟ್ರೀಯ ಡಿಐಸಿ ಅಂಕಪಟ್ಟಿ ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನೋಜನ್ನನ್ನೂ ಡಿ-ಡೈಮರ್‌ನಂಥ ಪರೀಕ್ಷೆಯನ್ನೂ ಕೇಳುತ್ತಿತ್ತು. ಸೆಪ್ಸಿಸ್‌ನಲ್ಲಿ ಲಿವರ್ ಫೈಬ್ರಿನೋಜನ್ನನ್ನು ಹೆಚ್ಚು ಹೆಚ್ಚು ತಯಾರಿಸುವುದರಿಂದ, ಒಳಗೆ ಅದು ಖರ್ಚಾಗುತ್ತಿದ್ದರೂ ವರದಿಯಲ್ಲಿ ಮಟ್ಟ ಚೆನ್ನಾಗಿಯೇ ಕಾಣುತ್ತದೆ. ಆ ಪಟ್ಟಿಯಲ್ಲಿ ಐದು ಅಂಕ ತುಂಬುವ ಹೊತ್ತಿಗೆ ಎಷ್ಟೋ ರೋಗಿಗಳ ಸ್ಥಿತಿ ಕೈಮೀರಿರುತ್ತದೆ. ಫೈಬ್ರಿನೋಜನ್ನನ್ನು ಕೈಬಿಟ್ಟದ್ದು ಎಸ್‌ಐಸಿ ಮಾಡಿದ ಜಾಣತನ. ಉಳಿದ ಎರಡು ರಕ್ತಪರೀಕ್ಷೆಗಳು ದುಬಾರಿ ಯಂತ್ರ ಬೇಡದವು.

ಇಷ್ಟು ಹೊಗಳಿದ ಮೇಲೆ ತಕರಾರಿಗೆ ಬರೋಣ. ಅಂಕ ಏರಿದಷ್ಟೂ ಸಾವು ಹೆಚ್ಚು ಎಂಬುದನ್ನೇ ಈ ಪಟ್ಟಿಯ ಸಾಧನೆಯೆಂದು ಹೇಳುತ್ತಾರೆ. ಆರು ಅಂಕಗಳಲ್ಲಿ ಎರಡು ಸೋಫಾದಿಂದಲೇ ಬಂದಿವೆಯಲ್ಲ? ಉಸಿರಾಟ, ರಕ್ತದೊತ್ತಡ, ಲಿವರ್, ಕಿಡ್ನಿ ಕೆಟ್ಟಷ್ಟೂ ಸಾವು ಹತ್ತಿರವಾಗುತ್ತದೆ ಎನ್ನಲು ಹೊಸ ಪಟ್ಟಿ ಬೇಕಿರಲಿಲ್ಲ. ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳು ಅದರ ಮೇಲೆ ಎಷ್ಟು ಹೊಸ ಮಾಹಿತಿ ಸೇರಿಸುತ್ತವೆ ಎಂಬುದನ್ನು ಬಿಡಿಸಿ ತೋರಿಸದ ಅಧ್ಯಯನವನ್ನು ನಾನು ಅರೆಮನಸ್ಸಿನಿಂದಲೇ ಓದುತ್ತೇನೆ.

ಇನ್ನು ಐಎನ್‌ಆರ್. 1980ರ ದಶಕದಲ್ಲಿ ಅದು ಬಳಕೆಗೆ ಬಂದದ್ದು ವಾರ್ಫರಿನ್ ಥರದ ಮಾತ್ರೆ ನುಂಗುವವರಿಗಾಗಿ, ಬೇರೆ ಬೇರೆ ಲ್ಯಾಬುಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗಲೆಂದು. ಲಿವರ್ ಕೆಟ್ಟವರಲ್ಲೂ ಅದು ಏರುತ್ತದೆ, ಹೃದಯದ ಕವಾಟ ಬದಲಿಸಿಕೊಂಡು ಮಾತ್ರೆ ತಿನ್ನುವವರಲ್ಲೂ ಏರುತ್ತದೆ. ಸ್ಯಾಂಪಲ್ ತೆಗೆಯುವ ಕೈಯ ಪಾಲೂ ಇದರಲ್ಲಿದೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಒಂದು ಪಾಲು ಸಿಟ್ರೇಟ್ ದ್ರಾವಣಕ್ಕೆ ಒಂಬತ್ತು ಪಾಲು ರಕ್ತ ಬೀಳಬೇಕು. ಗೆರೆ ಮುಟ್ಟುವವರೆಗೆ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ ಐಎನ್‌ಆರ್ ಸುಮ್ಮನೆ ಏರಿ ಕಾಣುತ್ತದೆ. ಬಿ.ಪಿ. ಬಿದ್ದು ನರವೇ ಸಿಗದ ರೋಗಿಯಿಂದ ರಾತ್ರಿಪಾಳಿಯಲ್ಲಿ ರಕ್ತ ಎಳೆಯುವಾಗ ಗೆರೆ ಮುಟ್ಟದಿರುವುದು ಅಪರೂಪವೇನಲ್ಲ. ನೇರಳೆ ಮುಚ್ಚಳದ ಟ್ಯೂಬಿನ ತಂಟೆ ಇನ್ನೊಂದು. ಕೆಲವರ ರಕ್ತದಲ್ಲಿ ಇಡಿಟಿಎ ಸೇರಿದೊಡನೆ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ, ಯಂತ್ರ ಕಡಿಮೆ ಎಣಿಸುತ್ತದೆ. ಸ್ಲೈಡ್ ಮಾಡಿ ಕಣ್ಣಾರೆ ನೋಡಿದ ಲ್ಯಾಬ್ ಇದನ್ನು ಹಿಡಿಯುತ್ತದೆ, ನೋಡದ ಲ್ಯಾಬ್ ರೋಗಿಗೆ ಎರಡು ಅಂಕ ಕೊಟ್ಟು ಕಳಿಸುತ್ತದೆ.

ಡಿ-ಡೈಮರ್ ಹೆಸರು ಕೋವಿಡ್ ಎರಡನೇ ಅಲೆಯಲ್ಲಿ ನಮ್ಮಲ್ಲಿ ಮನೆಮಾತಾಯಿತು. ವಾಟ್ಸಾಪಿನಲ್ಲಿ ವರದಿಗಳು ಓಡಾಡಿದವು, ಒಬ್ಬರದು 0.8, ಇನ್ನೊಬ್ಬರದು 800. ಒಂದು ಲ್ಯಾಬಿನ ಲೆಕ್ಕ ಮೈಕ್ರೋಗ್ರಾಮಿನಲ್ಲಿ, ಇನ್ನೊಂದರದು ನ್ಯಾನೋಗ್ರಾಮಿನಲ್ಲಿ, ಅಷ್ಟೆ. ಎಫ್‌ಇಯು, ಡಿಡಿಯು ಎಂಬ ಎರಡು ಮಾನಗಳು ಬೇರೆ. ಮೊದಲನೆಯದರಲ್ಲಿ ಅಂಕಿ ಸುಮಾರು ಇಮ್ಮಡಿ. ಸೆಪ್ಸಿಸ್‌ನಲ್ಲಿ ಇದಕ್ಕಿಂತ ಆಳದ ತೊಡಕಿದೆ. ಕಟ್ಟಿದ ಹೆಪ್ಪು ಕರಗಿದಾಗ ಮಾತ್ರ ಡಿ-ಡೈಮರ್ ಹುಟ್ಟುತ್ತದೆ. ಹೆಪ್ಪು ಕರಗಿಸುವ ವ್ಯವಸ್ಥೆಯನ್ನು ಪಿಎಐ-1 ಎಂಬ ಪ್ರೋಟೀನು ಸೆಪ್ಸಿಸ್‌ನಲ್ಲಿ ಅದುಮಿಡುವುದರಿಂದ, ಡಿ-ಡೈಮರ್ ಕಡಿಮೆಯಿದೆಯೆಂದು ನಿಟ್ಟುಸಿರು ಬಿಡುವ ಹಾಗಿಲ್ಲ. ಎಸ್‌ಐಸಿ ಇದನ್ನೂ ಹೊರಗಿಟ್ಟದ್ದು ಸರಿಯೇ.

ನಿಜವಾದ ಪ್ರಶ್ನೆ ಅಂಕ ಬಂದ ಮೇಲಿನದು. ನಾಲ್ಕು ಬಂತು, ಏನು ಮಾಡಬೇಕು? ಪ್ಲೇಟ್‌ಲೆಟ್ ಏರಿಸುವುದೇ? 2016ರ ಅಂತಾರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಯ ಪ್ರಕಾರ ರಕ್ತಸ್ರಾವವಿಲ್ಲದವರಿಗೆ ಹತ್ತು ಸಾವಿರಕ್ಕಿಂತ ಇಳಿದಾಗ, ಸ್ರಾವದ ಅಪಾಯ ಹೆಚ್ಚಿದ್ದರೆ ಇಪ್ಪತ್ತು ಸಾವಿರಕ್ಕಿಂತ ಇಳಿದಾಗ ಆ ಮಾತು. ಹೆಪ್ಪನ್ನೇ ತಡೆಯುವ ಔಷಧಿ ಕೊಟ್ಟರೆ? ಇದನ್ನು ಜಗತ್ತು ಬೆಲೆ ತೆತ್ತು ಕಲಿತಿದೆ. 2001ರಲ್ಲಿ 2314 ರೋಗಿಗಳ ಪ್ರಯೋಗದಲ್ಲಿ ಆ್ಯಂಟಿಥ್ರಾಂಬಿನ್ ಪಡೆದವರಲ್ಲಿ 28 ದಿನದೊಳಗೆ ಶೇ. 38.9, ಪಡೆಯದವರಲ್ಲಿ ಶೇ. 38.7 ಮಂದಿ ಸತ್ತರು. ಅದೇ ವರ್ಷ ಎಲಿ ಲಿಲ್ಲಿ ಕಂಪನಿಯ ಕ್ಸಿಗ್ರಿಸ್ ಎಂಬ ಔಷಧಿ ಸಾವನ್ನು ಶೇ. 30.8ರಿಂದ 24.7ಕ್ಕೆ ಇಳಿಸಿತೆಂಬ ಸುದ್ದಿ ಬಂದು, ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಹತ್ತು ವರ್ಷದ ನಂತರ ಮತ್ತೆ ಪರೀಕ್ಷಿಸಿದಾಗ ಔಷಧಿ ಪಡೆದವರಲ್ಲಿ ಸಾವು ಶೇ. 26.4, ಪಡೆಯದವರಲ್ಲಿ 24.2. ಅಕ್ಟೋಬರ್ 2011ರಲ್ಲಿ ಕಂಪನಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು.

ಈ ಪ್ರಯೋಗಗಳು ಹೆಪ್ಪಿನ ತೊಂದರೆ ಇದ್ದವರು, ಇಲ್ಲದವರು ಎಲ್ಲರನ್ನೂ ಒಟ್ಟಿಗೆ ಸೇರಿಸಿದವು, ಸರಿಯಾದ ರೋಗಿಗಳನ್ನು ಆರಿಸಿದರೆ ಫಲ ಸಿಕ್ಕೀತು ಎಂಬುದು ಎಸ್‌ಐಸಿ ಪರವಾದವರ ವಾದ. 2019ರಲ್ಲಿ ಪ್ರಕಟವಾದ ಸ್ಕಾರ್ಲೆಟ್ ಪ್ರಯೋಗ ಅದನ್ನೇ ಮಾಡಿತು. ಐಎನ್‌ಆರ್ 1.4ಕ್ಕಿಂತ ಹೆಚ್ಚಿದ್ದು ಪ್ಲೇಟ್‌ಲೆಟ್ ಇಳಿದವರನ್ನೇ ಆರಿಸಿ ಥ್ರಾಂಬೊಮಾಡ್ಯುಲಿನ್ ಕೊಟ್ಟಿತು. ಸಾವು ಶೇ. 26.8, ಔಷಧಿಯಿಲ್ಲದವರಲ್ಲಿ 29.4. ಈ ಅಂತರ ಕೇವಲ ಆಕಸ್ಮಿಕವಲ್ಲ ಎನ್ನಲು ಸಂಖ್ಯಾಶಾಸ್ತ್ರದ ಬಲ ಸಿಗಲಿಲ್ಲ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದರಲ್ಲೇ ಇದ್ದ ಇನ್ನೊಂದು ವಿವರ: ಆಯ್ಕೆಯಾದವರಲ್ಲಿ ಐದರಲ್ಲೊಂದು ಪಾಲು ಜನರಿಗೆ ಮೊದಲ ಡೋಸ್ ಬೀಳುವ ಹೊತ್ತಿಗೆ ರಕ್ತದ ಅಂಕಿಗಳು ಆ ಮಿತಿಯಿಂದ ಹೊರಗೆ ಬಂದಿದ್ದವು. ಬೆಳಗಿನ ರೋಗಿಯೇ ಸಂಜೆಗಿಲ್ಲ. ಒಂದೇ ಸಲದ ಅಂಕ ನಂಬಿ ಔಷಧಿ ಹಂಚುವವರು ಇದನ್ನು ಮರೆಯಬಾರದು.

ಹಾಗಾಗಿ ನನ್ನ ತೀರ್ಮಾನ ಇಷ್ಟು: ಯಾರ ಮೇಲೆ ಕಣ್ಣಿಡಬೇಕು, ಯಾರನ್ನು ದೊಡ್ಡಾಸ್ಪತ್ರೆಗೆ ಬೇಗ ಸಾಗಿಸಬೇಕು ಎಂದು ಹೇಳಲು ಎಸ್‌ಐಸಿ ಸಾಕು. ಹೆಪ್ಪು ತಡೆಯುವ ವಿಶೇಷ ಔಷಧಿ ಯಾರಿಗೆ ಕೊಡಬೇಕೆಂದು ಹೇಳುವ ಅಧಿಕಾರ ಅದಕ್ಕೆ ಇನ್ನೂ ದಕ್ಕಿಲ್ಲ. ಸೋಂಕಿನ ಮೂಲ ಹುಡುಕಿ, ಕೀವು ಇದ್ದರೆ ತೆಗೆದು, ಆ್ಯಂಟಿಬಯಾಟಿಕ್ ತಡಮಾಡದೆ ಕೊಡುವುದೇ ಇವತ್ತಿಗೂ ಮುಖ್ಯ ಚಿಕಿತ್ಸೆ. ನಿಮ್ಮವರು ಐಸಿಯುನಲ್ಲಿದ್ದಾಗ ಪ್ಲೇಟ್‌ಲೆಟ್ ಎಷ್ಟು ಎಂದಷ್ಟೇ ಕೇಳಬೇಡಿ, ನಿನ್ನೆ ಎಷ್ಟಿತ್ತು ಎಂದೂ ಕೇಳಿ.