ಒಂದುಗಳ ಹಾರ

ಚದುರಂಗದ ಮಣೆಯ ಕಾಳಿನ ಲೆಕ್ಕವನ್ನು ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು; 64 ಮನೆ ತುಂಬುವ ಹೊತ್ತಿಗೆ 18446744073709551615. ಕಥೆ ಎಲ್ಲರಿಗೂ ಗೊತ್ತು. ಹೇಳುವವರೆಲ್ಲ ಆಮೇಲೆ ಗೋಧಿಯನ್ನು ತೂಗಲು ಕೂರುತ್ತಾರೆ, ಎಷ್ಟು ವರ್ಷದ ಬೆಳೆಯಾದೀತು ಎಂದು ಬೆರಗಾಗುತ್ತಾರೆ. 2ರ 136279841ನೇ ಘಾತದಿಂದ 1 ಕಳೆದರೆ ಸಿಗುವುದು ಅವಿಭಾಜ್ಯ ಸಂಖ್ಯೆಯೆಂದು 2024ರ ಅಕ್ಟೋಬರಿನಲ್ಲಿ ಗೊತ್ತಾದಾಗಲೂ ಸುದ್ದಿಯಾದದ್ದು ಅದರ 4 ಕೋಟಿ 10 ಲಕ್ಷ ಚಿಲ್ಲರೆ ಅಂಕೆಗಳ ಉದ್ದವೇ. ಈ ಉದ್ದಳತೆಯ ಪಂಥದ ಮೇಲೆ ನನ್ನ ತಕರಾರು ಹಳೆಯದು. ಸಂಖ್ಯೆಯ ಗುಣ ತಿಳಿಯಬೇಕಾದರೆ ಅದನ್ನು ಬಿಡಿಸಬೇಕು.

ಬಿಡಿಸೋಣ. ದ್ವಿಮಾನ ಪದ್ಧತಿಯಲ್ಲಿ ಈ ಕಾಳಿನ ಸಂಖ್ಯೆ ಸಾಲಾಗಿ ನಿಂತ 64 ಒಂದುಗಳು. ಸಾಲನ್ನು ಅರ್ಧಕ್ಕೆ ಮಡಚಿದರೆ 32 ಒಂದುಗಳು, ಜೊತೆಗೆ 4294967297 ಎಂಬ ಅಪವರ್ತನ, ಅಂದರೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು. ಮಡಚುತ್ತಲೇ ಹೋದರೆ 65537, 257, 17, 5, 3. ಈ ಐದೂ ಅವಿಭಾಜ್ಯ. ದೊಡ್ಡದೂ ಹಾಗೆಯೇ ಎಂದು ಫರ್ಮಾ ನಂಬಿದ್ದ. 1732ರಲ್ಲಿ ಆಯ್ಲರ್ ಅದನ್ನು 641ರಿಂದ ಒಡೆದ. ಭಾಗಿಸದೆಯೇ ಇದನ್ನು ಕಾಣಬಹುದು. 640ರ ನಾಲ್ಕನೇ ಘಾತದಿಂದ 1 ಕಳೆದರೆ ಬರುವುದು 641ರ ಗುಣಕ. ಆ ನಾಲ್ಕನೇ ಘಾತವೆಂದರೆ 2ರ 28ನೇ ಘಾತದ 625 ಪಟ್ಟು. ಇನ್ನು 641 ಎಂದರೆ 625 + 16. ಹಾಗಾಗಿ 2ರ 28ನೇ ಘಾತದ 641 ಪಟ್ಟಿನಿಂದ ಮೊದಲಿನ ಗುಣಕವನ್ನು ಕಳೆಯಿರಿ. ಉಳಿಯುವುದು 2ರ 32ನೇ ಘಾತ ಮತ್ತು 1, ನಮ್ಮ 4294967297. ಎರಡು ಗುಣಕಗಳ ವ್ಯತ್ಯಾಸವೂ ಗುಣಕವೇ.

ಮಣೆಯ ಕಥೆ ಮುಂದುವರಿಸಬೇಕಿತ್ತು, ಆದರೆ ಒಂದುಗಳ ಸಾಲು ಬರೆದ ಮೇಲೆ ಮಹಾವೀರಾಚಾರ್ಯನನ್ನು ಬಿಟ್ಟು ಹೋಗಲು ಮನಸ್ಸಾಗುತ್ತಿಲ್ಲ. ಅಮೋಘವರ್ಷ ನೃಪತುಂಗನ ಕಾಲದ ಈ ಜೈನ ಗಣಿತಜ್ಞ ಸುಮಾರು 850ರಲ್ಲಿ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಗುಣಾಕಾರ ಭಾಗದಲ್ಲಿ, ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಉತ್ತರಗಳಿವೆ. ಅವು ಅವನಿಗೆ ಕೊರಳ ಹಾರಗಳು. 142857143 × 7 ಕೊಡುವುದು 1000000001. 27994681 × 441 ಕೊಡುವುದು 12345654321. ಎರಡನೆಯದರ ಕುಸುರಿ ನೋಡಿ: ಉತ್ತರ 111111ರ ವರ್ಗ. 111111 ಅಂದರೆ 21 × 5291. 441 ಮೊದಲನೆಯದರ ವರ್ಗ, 27994681 ಎರಡನೆಯದರ ವರ್ಗ. ಇಷ್ಟನ್ನೆಲ್ಲ ಒಳಗಿಟ್ಟು, ಶಿಷ್ಯರ ಕೈಗೆ ಅದನ್ನು ಬರಿಯ ಗುಣಾಕಾರದ ಅಭ್ಯಾಸವಾಗಿ ಕೊಟ್ಟಿದ್ದಾನೆ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 152207 × 73. ಉತ್ತರ ಎಂಟು ಒಂದುಗಳು, 11111111. ಇದನ್ನೂ ಮಣೆಯ ಸಾಲಿನಂತೆ ಮಡಚಿದರೆ 10001, 101, 11. ಅಂಕೆಗಳ ಆಕಾರವೂ ಅದೇ: ದ್ವಿಮಾನದಲ್ಲಿ 17, 5, 3 ಹೀಗೆಯೇ ಕಾಣುತ್ತವೆ. 11, 101 ಎರಡೂ ಅವಿಭಾಜ್ಯ. 10001 ನೋಡಿದರೆ ಇದೂ ಒಡೆಯದು ಅನಿಸುತ್ತದೆ, ಆದರೆ ಅದು 73 × 137. ಮಹಾವೀರ ಗುಣಿಸಲು ಕೊಟ್ಟದ್ದು ಅದೇ 73. ಉಳಿದ 11, 101, 137ರ ಗುಣಲಬ್ಧವೇ 152207. ಯಾವ ತೂಕದ ಲೆಕ್ಕದಿಂದಲೂ ಈ 73 ಕೈಗೆ ಸಿಗುತ್ತಿರಲಿಲ್ಲ.

ಹಾರವನ್ನು ಹದಿನಾರು ಒಂದುಗಳಿಗೆ ಬೆಳೆಸಿದರೆ ಹೊಸದಾಗಿ ಸೇರುವ ಅಪವರ್ತನ 100000001. ಕಾಗದ ತೆಗೆದುಕೊಂಡು ಅದನ್ನು 17ರಿಂದ ಭಾಗಿಸಿ ನೋಡಿ.