ಮಾನವತಾವಾದದ ಖಂಡನೆ: ಅದರ ಬಲವೂ ಎಲ್ಲೆಯೂ

ಸಂರಚನೋತ್ತರವಾದವೆಂದು ಕರೆಯಲ್ಪಡುವ ಫ್ರೆಂಚ್ ತತ್ತ್ವವಿಚಾರವು ನಮ್ಮ ವಿಶ್ವವಿದ್ಯಾನಿಲಯಗಳ ಸಾಹಿತ್ಯತರಗತಿಗಳನ್ನು ಪ್ರವೇಶಿಸಿ ಕೆಲವು ದಶಕಗಳಾದುವು. ಆದರೂ ಅದರ ಪ್ರಧಾನ ವಾದಗಳಲ್ಲೊಂದಾದ ಮಾನವತಾವಾದಖಂಡನೆಯ ವಿಷಯದಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಇನ್ನೂ ಉಳಿದಿವೆ. ಕೆಲವರು ಇದನ್ನು ಮನುಷ್ಯದ್ವೇಷವೆಂದು ಬಗೆದು ದೂರವಿಡುತ್ತಾರೆ. ಮತ್ತೆ ಕೆಲವರು ‘ಮನುಷ್ಯನು ಅಳಿದನು’ ಎಂಬ ಮಾತನ್ನು ಮಂತ್ರದಂತೆ ಉಚ್ಚರಿಸುತ್ತಾರೆಯೇ ಹೊರತು, ಅದರಿಂದ ಸಿದ್ಧವಾದುದೇನು, ಸಿದ್ಧವಾಗದೆ ಉಳಿದುದೇನು ಎಂಬುದನ್ನು ಪರಿಶೀಲಿಸುವುದಿಲ್ಲ. ಈ ಎರಡು ಪಕ್ಷಗಳೂ ವಿಚಾರದ ಮುಂದೆ ನಿಲ್ಲತಕ್ಕವಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ಮಾನವೀಯತೆಯು ಒಂದು ಗುಣ. ದಯೆ, ಅನುಕಂಪ, ಪರದುಃಖವನ್ನು ತನ್ನದೆಂದು ಬಗೆಯುವುದು ಅದರ ಲಕ್ಷಣ. ಮಾನವತಾವಾದವಾದರೋ ಒಂದು ಸಿದ್ಧಾಂತ. ಮನುಷ್ಯನೆಂಬವನಿಗೆ ದೇಶಕಾಲಗಳಿಂದ ಕೆಡದ ಒಂದು ಸ್ವರೂಪವುಂಟು. ಅವನೇ ಅರ್ಥಕ್ಕೆ ಮೂಲ, ಜ್ಞಾನಕ್ಕೆ ಆಧಾರ, ಚರಿತ್ರೆಗೆ ಕರ್ತೃ ಎಂಬುದು ಅದರ ಪ್ರತಿಜ್ಞೆ. ಕನ್ನಡದಲ್ಲಿ ಎರಡು ಶಬ್ದಗಳೂ ಒಂದೇ ಮೂಲದಿಂದ ಹುಟ್ಟಿದವಾದಕಾರಣ, ಸಿದ್ಧಾಂತವನ್ನು ಖಂಡಿಸಿದವರು ಗುಣವನ್ನೂ ಖಂಡಿಸಿದರೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಈ ಭ್ರಮೆ ತೊಲಗದೆ ಮುಂದಿನ ವಿಚಾರವು ಸಾಗಲಾರದು.

ಎರಡನೆಯ ಮಹಾಯುದ್ಧವು ಮುಗಿದ 1945ರ ಅಕ್ಟೋಬರಿನಲ್ಲಿ ಸಾರ್ತ್ರನು ಪ್ಯಾರಿಸಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಅಸ್ತಿತ್ವವಾದವೂ ಒಂದು ಮಾನವತಾವಾದವೇ ಎಂದು ಪ್ರತಿಪಾದಿಸಿದನು. ಇದಕ್ಕೆ ಪ್ರತಿಯಾಗಿ ಹೈಡೆಗರನು 1947ರಲ್ಲಿ ಪ್ರಕಟಿಸಿದ ಪತ್ರರೂಪದ ಪ್ರಬಂಧದಲ್ಲಿ, ಮನುಷ್ಯನನ್ನು ಕೇಂದ್ರದಲ್ಲಿಟ್ಟ ಎಲ್ಲ ಮಾನವತಾವಾದಗಳೂ ‘ಇರವು’ ಎಂಬ ಮೂಲಪ್ರಶ್ನೆಯನ್ನು ಮರೆತಿವೆಯೆಂದು ಆಕ್ಷೇಪಿಸಿದನು. ಮುಂದೆ 1962ರಲ್ಲಿ ಲೆವಿ-ಸ್ತ್ರೌಸನು, ಮಾನವಶಾಸ್ತ್ರಗಳ ಗುರಿಯು ಮನುಷ್ಯನನ್ನು ಕಟ್ಟುವುದಲ್ಲ, ಕರಗಿಸುವುದು ಎಂದನು. 1966ರಲ್ಲಿ ಪ್ರಕಟವಾದ ಮಿಷೆಲ್ ಫೂಕೋವಿನ ‘ಶಬ್ದಗಳು ಮತ್ತು ವಸ್ತುಗಳು’ ಎಂಬ ಗ್ರಂಥದಲ್ಲಿ ಈ ವಾದವು ತನ್ನ ಪೂರ್ಣರೂಪವನ್ನು ತಾಳಿತು.

ಆ ಗ್ರಂಥದ ಸಾರವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಪ್ರತಿಯೊಂದು ಯುಗದ ಜ್ಞಾನಕ್ಕೂ ಆ ಯುಗದವರಿಗೇ ಅಗೋಚರವಾದ ಒಂದು ನೆಲಗಟ್ಟು ಇರುತ್ತದೆ. ಯೂರೋಪಿನಲ್ಲಿ ಹದಿನಾರನೆಯ ಶತಮಾನದವರೆಗೆ ಸಾದೃಶ್ಯವೂ, ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಪ್ರತಿನಿಧಾನವೂ ಈ ನೆಲಗಟ್ಟಾಗಿದ್ದುವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅದು ಮತ್ತೊಮ್ಮೆ ಪಲ್ಲಟವಾಯಿತು. ಸಂಪತ್ತಿನ ವಿಶ್ಲೇಷಣೆಯ ಸ್ಥಾನದಲ್ಲಿ ರಿಕಾರ್ಡೋವಿನ ಅರ್ಥಶಾಸ್ತ್ರವೂ, ಪ್ರಾಣಿಸಸ್ಯಗಳ ವರ್ಗೀಕರಣದ ಸ್ಥಾನದಲ್ಲಿ ಕ್ಯೂವಿಯೇಯಿಂದ ಮೊದಲಾದ ಜೀವಶಾಸ್ತ್ರವೂ, ಸಾಮಾನ್ಯ ವ್ಯಾಕರಣದ ಸ್ಥಾನದಲ್ಲಿ ಬಾಪ್‌ನ ಭಾಷಾಶಾಸ್ತ್ರವೂ ತಲೆಯೆತ್ತಿದುವು. ದುಡಿಯುವವನು, ಬದುಕುವವನು, ನುಡಿಯುವವನು ಆಗಿ ಮನುಷ್ಯನು ಜ್ಞಾನಕ್ಕೆ ವಿಷಯವಾದುದು ಆಗಲೇ. ಅದೇ ಕಾಲದಲ್ಲಿ ಕಾಂಟನ ಪ್ರಭಾವದಿಂದ ಅವನೇ ಸಕಲ ಜ್ಞಾನಕ್ಕೂ ಆಧಾರವೆನಿಸಿದನು. ತಿಳಿಯಲ್ಪಡುವವನೂ ತಿಳಿವಿಗೆ ಆಧಾರನೂ ಅವನೇ. ಈ ಎರಡು ಪಾತ್ರಗಳು ಒಂದರಲ್ಲೊಂದು ಹೊಂದಲಾರವು. ಆದ್ದರಿಂದ ಮಾನವಶಾಸ್ತ್ರಗಳು ತಮ್ಮ ನೆರಳನ್ನೇ ಅಟ್ಟಿಕೊಂಡು ಸುತ್ತುತ್ತಿವೆ. ಈ ‘ಮನುಷ್ಯ’ನಿಗೆ ಎರಡು ಶತಮಾನಗಳಷ್ಟೂ ವಯಸ್ಸಾಗಿಲ್ಲ; ನೆಲಗಟ್ಟು ಇನ್ನೊಮ್ಮೆ ಪಲ್ಲಟವಾದರೆ ಅವನೂ ಕಡಲತಡಿಯ ಮಳಲಿನಲ್ಲಿ ಬರೆದ ಮುಖದಂತೆ ಅಳಿಸಿಹೋಗಬಹುದು.

ಇಲ್ಲಿ ಅಳಿಯುವುದು ಒಂದು ಪರಿಕಲ್ಪನೆಯೇ ಹೊರತು ಮನುಷ್ಯಜಾತಿಯಲ್ಲವೆಂಬುದು ಸ್ಪಷ್ಟ. ಆಲ್ತುಸೇರನೂ ಇದೇ ಎಚ್ಚರಿಕೆಯಿಂದ ತನ್ನ ನಿಲುವು ಸೈದ್ಧಾಂತಿಕವಾದ ಮಾನವತಾವಾದವಿರೋಧವೆಂದು ವಿಶೇಷಿಸಿ ಹೇಳಿದನು. ಡೆರಿಡಾನು 1968ರ ಉಪನ್ಯಾಸಕ್ಕೆ ಕೊಟ್ಟ ಶೀರ್ಷಿಕೆಯಲ್ಲಿ ಫ್ರೆಂಚಿನ ಒಂದೇ ಶಬ್ದವು ಕೊನೆಯನ್ನೂ ಗುರಿಯನ್ನೂ ಹೇಳುತ್ತದೆ; ‘ವೇದಾಂತ’ದಲ್ಲಿನ ‘ಅಂತ’ ಶಬ್ದಕ್ಕೆ ಕೊನೆಯೆಂತಲೂ ಪರಮತಾತ್ಪರ್ಯವೆಂತಲೂ ಅರ್ಥಹೇಳುವ ನಮ್ಮವರಿಗೆ ಈ ಶ್ಲೇಷೆಯು ಅಪರಿಚಿತವಲ್ಲ. ಮನುಷ್ಯನು ಮುಗಿದನೆಂದು ಸಾರುವವರೇ ಅವನನ್ನು ಬೇರೊಂದು ಬಾಗಿಲಿನಿಂದ ಒಳಕ್ಕೆ ಕರೆತರುತ್ತಾರೆ, ಹಳೆಯ ಮನೆಯಿಂದ ಒಂದೇ ನೆಗೆತಕ್ಕೆ ಹೊರಬೀಳುವುದು ಸಾಧ್ಯವಲ್ಲ ಎಂಬುದು ಡೆರಿಡಾನ ತಾತ್ಪರ್ಯ. ಮಂತ್ರೋಚ್ಚಾರಣೆಯ ಪಕ್ಷದವರು ಇದನ್ನು ಮನನಮಾಡತಕ್ಕದ್ದು.

ಈ ಖಂಡನೆಯಲ್ಲಿ ಬಲವಿಲ್ಲವೇ? ನಿಶ್ಚಯವಾಗಿಯೂ ಇದೆ. ಸಾರ್ವತ್ರಿಕನೆಂದು ಹೊಗಳಲ್ಪಟ್ಟ ಮನುಷ್ಯನು ಬಹುಮಟ್ಟಿಗೆ ಯೂರೋಪಿನ ಮನುಷ್ಯನೇ ಆಗಿದ್ದನು. ಮನುಷ್ಯನ ಹಿರಿಮೆಯನ್ನು ಹಾಡುತ್ತಲೇ ಮನುಷ್ಯರನ್ನು ಕೊಂದ ಯೂರೋಪಿನ ಇಬ್ಬಂದಿತನವನ್ನು 1961ರಲ್ಲಿ ಫ್ಯಾನನನು ವಸಾಹತುಗಳ ಪಕ್ಷದಿಂದ ಬಯಲುಮಾಡಿದನು. ಆದರೆ ಅವನು ಬಯಸಿದುದು ಹೊಸ ಮನುಷ್ಯನನ್ನು, ಮನುಷ್ಯನಿಲ್ಲದಿರುವುದನ್ನಲ್ಲ. ಫೂಕೋವು 1975ರ ತನ್ನ ಸೆರೆಮನೆಯ ಚರಿತ್ರೆಯಲ್ಲಿ, ಶರೀರವನ್ನು ಹಿಂಸಿಸುವ ದಂಡನೆ ನಿಂತು ಮನಸ್ಸನ್ನು ತಿದ್ದುವ ದಂಡನೆ ಬಂದುದನ್ನು ಬರಿಯ ದಯೆಯ ವಿಜಯವೆಂದು ಎಣಿಸಲಾಗದೆಂದು ತೋರಿಸಿದನು. ಮನುಷ್ಯನನ್ನು ಅಳೆಯುವ, ಪರೀಕ್ಷಿಸುವ, ‘ಸಹಜ’ನೆಂದೋ ‘ವಿಕೃತ’ನೆಂದೋ ವಿಂಗಡಿಸುವ ಅಧಿಕಾರವೂ ಅದೇ ದಾರಿಯಿಂದ ಬಂದಿತು. ಪರೀಕ್ಷಾಪದ್ಧತಿಯಲ್ಲಿ ಬಾಳುವ ನಮ್ಮ ಅಧ್ಯಾಪಕವರ್ಗಕ್ಕೆ ಈ ಮಾತು ಪರರ ಮನೆಯ ಸುದ್ದಿಯಲ್ಲ.

ಇನ್ನು ಎಲ್ಲೆಯ ವಿಚಾರ. ಒಂದು ನೆಲಗಟ್ಟು ಮತ್ತೊಂದಾಗಿ ಹೇಗೆ ಮಾರ್ಪಡುತ್ತದೆಂಬುದನ್ನು 1966ರ ಗ್ರಂಥವು ವಿವರಿಸುವುದಿಲ್ಲ. ಸಾರ್ತ್ರನು ಆ ವರ್ಷವೇ ಈ ಆಕ್ಷೇಪವನ್ನೆತ್ತಿದನು. ಇದಕ್ಕಿಂತಲೂ ಗುರುತರವಾದ ಪ್ರಶ್ನೆಯೊಂದುಂಟು. ಮನುಷ್ಯನು ಅಧಿಕಾರದ ಮತ್ತು ಭಾಷೆಯ ಕಾರ್ಯಮಾತ್ರನಾದರೆ, ಆ ಅಧಿಕಾರವನ್ನು ಎದುರಿಸುವವನು ಯಾರು? ಎದುರಿಸಬೇಕೆನ್ನುವುದಕ್ಕೆ ಕಾರಣವೇನು?

ಇದಕ್ಕೆ ಫೂಕೋವಿನ ಜೀವನವೇ ಉತ್ತರವೆಂದು ಹೇಳುವವರುಂಟು. ಅವನು 1971ರಲ್ಲಿ ಸೆರೆಯಾಳುಗಳ ಮಾತು ಹೊರಜಗತ್ತಿಗೆ ಕೇಳಿಸುವಂತೆ ಒಂದು ಕೂಟವನ್ನು ಕಟ್ಟಿದವರಲ್ಲಿ ಒಬ್ಬನು. 1981ರಲ್ಲಿ ವಿಯೆಟ್ನಾಮಿನಿಂದ ದೋಣಿಗಳಲ್ಲಿ ಪಲಾಯನಮಾಡಿದ ನಿರಾಶ್ರಿತರ ಪರವಾಗಿ ಜಿನೀವಾದಲ್ಲಿ ಹೇಳಿಕೆಯನ್ನಿತ್ತನು. ಆ ಹೇಳಿಕೆಯ ಆಧಾರವು ಮನುಷ್ಯನ ನಿತ್ಯಸ್ವರೂಪವಲ್ಲ. ನಾವೆಲ್ಲರೂ ಆಳಲ್ಪಡುವವರು ಎಂಬ ಸಮಾನಸ್ಥಿತಿ. ಸ್ವರೂಪವಾದವಿಲ್ಲದೆಯೇ ಪರರ ಪಕ್ಷವಹಿಸಬಹುದೆಂಬುದಕ್ಕೆ ಇದು ನಿದರ್ಶನವೆಂಬುದನ್ನು ಒಪ್ಪೋಣ. ಆದರೆ ಪರರ ದುಃಖವು ನನ್ನ ಮೇಲೆ ಹಕ್ಕುಳ್ಳದ್ದೆಂಬ ಅರಿವು ಅಲ್ಲಿ ಮೊದಲೇ ಇದೆ. ಆ ಅರಿವು ಎಲ್ಲಿಂದ ಬಂದಿತೆಂದು 1966ರ ಗ್ರಂಥವನ್ನು ಕೇಳಿದರೆ ಅದು ಮೌನವಾಗಿದೆ. ಖಂಡನೆಯು ಮಾನವತಾವಾದವನ್ನು ಗೆದ್ದಿತು. ಮಾನವೀಯತೆಯನ್ನು ಸಾಲವಾಗಿ ಪಡೆದು ಲೆಕ್ಕಕ್ಕೆ ಬರೆಯದೆ ಬಿಟ್ಟಿತು.

ಇದು ಬೌದ್ಧರ ಅನಾತ್ಮವಾದವೇ ಎಂದು ಕೆಲವರು ಕೇಳಬಹುದು. ಸಾಮ್ಯವು ಹೊರಗಿನದು. ಬೌದ್ಧರು ‘ನಾನು’ ಎಂಬುದನ್ನು ಪಂಚಸ್ಕಂಧಗಳಾಗಿ ಬಿಡಿಸಿದುದು ದುಃಖನಿವೃತ್ತಿಗಾಗಿ. ಆ ವಿಶ್ಲೇಷಣೆಯು ಎಲ್ಲ ಕಾಲಗಳಿಗೂ ಸಲ್ಲತಕ್ಕದ್ದೆಂದು ಅವರ ಮತ. ಫೂಕೋವಿನದು ಒಂದು ಖಂಡದ ಕೆಲವು ಶತಮಾನಗಳ ಚರಿತ್ರೆ. ಅಲ್ಲಿ ಕರುಣೆಯು ದರ್ಶನದ ಅಂಗ. ಇಲ್ಲಿ ಅದಕ್ಕೆ ಗೊತ್ತಾದ ಸ್ಥಾನವಿಲ್ಲ. ಹೋಲಿಕೆಯಿಂದ ತಿಳಿದುಬರುವುದು ಈ ಕೊರತೆಯೇ.

ಸಾಹಿತ್ಯದ ಅಧ್ಯಾಪಕರಿಗೆ ಹೆಚ್ಚು ಪ್ರಸಕ್ತವಾದುದು ಕರ್ತೃವಿನ ಪ್ರಶ್ನೆ. ಬಾರ್ತನು 1967ರಲ್ಲಿ ಕರ್ತೃವಿನ ಮರಣವನ್ನು ಸಾರಿದನು. 1969ರಲ್ಲಿ ಫೂಕೋವು ಕರ್ತೃವೆಂಬುದು ಕಾಲಕಾಲಕ್ಕೆ ಬದಲಾಗುವ ಒಂದು ವ್ಯವಹಾರವೆಂದನು. ಎರಡನೆಯ ಮಾತೇ ಹೆಚ್ಚು ಪ್ರಾಮಾಣಿಕವಾದುದು. ನಮ್ಮ ವಚನಗಳ ಅಂಕಿತವು ಸಾಮಾನ್ಯವಾಗಿ ಇಷ್ಟದೈವದ ಹೆಸರು, ರಚಿಸಿದವರ ಹೆಸರಲ್ಲ. ಆದರೂ ಸಂಪಾದಕರು ಅದನ್ನೇ ಹಿಡಿದು ವಚನಕಾರರನ್ನು ಗುರುತಿಸುತ್ತಾರೆ. ಕರ್ತೃತ್ವದ ರೀತಿ ಎಲ್ಲೆಡೆಯೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡ. ಆದರೆ ಇದರಿಂದ ಆ ವಚನಗಳನ್ನು ಯಾರೂ ನುಡಿಯಲಿಲ್ಲವೆಂದು ಸಿದ್ಧವಾಗುವುದಿಲ್ಲ. ಶತಮಾನಗಳ ಕಾಲ ನುಡಿಯಲು ಎಡೆಯಿಲ್ಲದಿದ್ದವರು ನುಡಿಯತೊಡಗಿದ ಹೊತ್ತಿನಲ್ಲಿಯೇ ನುಡಿಯುವವರಿಲ್ಲವೆಂದು ಸಾರುವುದು ವಿವೇಕವಲ್ಲ, ನ್ಯಾಯವೂ ಅಲ್ಲ.

ಒಟ್ಟಿನಲ್ಲಿ, ಈ ಖಂಡನೆಯನ್ನು ಒಂದು ಒರೆಗಲ್ಲಾಗಿ ಸ್ವೀಕರಿಸುವುದು ಯುಕ್ತ. ‘ಮನುಷ್ಯ’ ಎಂದು ಯಾರಾದರೂ ಹೇಳಿದಾಗ, ಯಾವ ಮನುಷ್ಯ, ಅವನ ಲಕ್ಷಣವನ್ನು ನಿರ್ಣಯಿಸಿದವರಾರು, ಆ ಲಕ್ಷಣದಿಂದ ಹೊರಗುಳಿದವರಾರು ಎಂದು ಕೇಳುವುದನ್ನು ಅದು ನಮಗೆ ಕಲಿಸಿದೆ. ಹೊರಗುಳಿದವರನ್ನು ಕಂಡ ಮೇಲೆ ಅವರ ಬಳಿಗೆ ಹೋಗಬೇಕೆಂಬ ಪ್ರೇರಣೆಯನ್ನು ಮಾತ್ರ ಒರೆಗಲ್ಲು ಕೊಡಲಾರದು; ಅದಕ್ಕೆ ನಾವು ಬೇರೆಡೆಗೇ ಹೋಗಬೇಕು.