ಲೆಕ್ಕಕ್ಕೆ ಸಿಗದ ಓದಿನ ಗಂಟೆಗಳು

ನಮ್ಮ ಪದವಿ ಕಾಲೇಜುಗಳ ಅಂಕಪಟ್ಟಿಯಲ್ಲಿ ಪ್ರತಿ ವಿಷಯದ ಮುಂದೆ ಈಗ ಒಂದು ಸಣ್ಣ ಅಂಕಿ ಇರುತ್ತದೆ. ಮೂರು ಕ್ರೆಡಿಟ್, ನಾಲ್ಕು ಕ್ರೆಡಿಟ್. ಅದು ಓದಿನ ತೂಕವೆಂದು ಮಕ್ಕಳೂ ಹೆತ್ತವರೂ ನಂಬುತ್ತಾರೆ. ಆದರೆ ಈ ತಕ್ಕಡಿ ಹುಟ್ಟಿದ್ದು ಓದನ್ನು ತೂಗಲಿಕ್ಕಲ್ಲ, ಪಿಂಚಣಿ ಹಂಚಲಿಕ್ಕೆ.

1905ರಲ್ಲಿ ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕಾಲೇಜು ಪ್ರಾಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಕೊಟ್ಟ. ಆ ಹಣ ಹಂಚಬೇಕಾದ ಪ್ರತಿಷ್ಠಾನಕ್ಕೆ ಎದುರಾದ ಪ್ರಶ್ನೆ, ಯಾವುದನ್ನು ಕಾಲೇಜು ಎನ್ನಬೇಕು ಎಂಬುದು. ಪ್ರವೇಶಕ್ಕೆ ಹೈಸ್ಕೂಲಿನ 14 ಯೂನಿಟ್ ಓದು ಬೇಕೆನ್ನುವುದು ಅದು ಹಾಕಿದ ಷರತ್ತುಗಳಲ್ಲೊಂದು. ಒಂದು ವಿಷಯವನ್ನು ವರ್ಷದಲ್ಲಿ ಸುಮಾರು 120 ಗಂಟೆ ತರಗತಿಯಲ್ಲಿ ಕಲಿತರೆ ಒಂದು ಯೂನಿಟ್. 1910ರಲ್ಲಿ ಮಾರಿಸ್ ಕುಕ್ ಎಂಬ ಎಂಜಿನಿಯರ್ ಇದೇ ಪ್ರತಿಷ್ಠಾನಕ್ಕೆ ಒಂದು ವರದಿ ಬರೆದ. ಕಾರ್ಖಾನೆಯ ದುಡಿಮೆಯನ್ನು ಗಡಿಯಾರ ಹಿಡಿದು ಅಳೆದ ಫ್ರೆಡರಿಕ್ ಟೇಲರನ ಸಂಗಡಿಗ ಈತ. ಒಬ್ಬ ವಿದ್ಯಾರ್ಥಿ ತರಗತಿಯಲ್ಲೋ ಪ್ರಯೋಗಾಲಯದಲ್ಲೋ ಕಳೆಯುವ ಒಂದು ಗಂಟೆಯನ್ನು 'ವಿದ್ಯಾರ್ಥಿ ಗಂಟೆ' ಎಂದು ಕರೆದು, ಕಾಲೇಜಿನ ಖರ್ಚನ್ನೂ ಕೆಲಸವನ್ನೂ ಅದರಿಂದ ಅಳೆಯಬೇಕೆಂದ.

ಅಂದರೆ ಇದು ಮೂಲತಃ ಹಾಜರಿಯ ಲೆಕ್ಕ. ನಮ್ಮ ಹಳೆಯ ಕೂಲಿಮಠಗಳಲ್ಲೂ ಮದ್ರಸಗಳಲ್ಲೂ ಹುಡುಗನನ್ನು ಯಾವ ಪುಸ್ತಕ ಮುಗಿಸಿದೆ ಎಂದು ಕೇಳುತ್ತಿದ್ದರೇ ಹೊರತು ಎಷ್ಟು ಗಂಟೆ ಕೂತೆ ಎಂದಲ್ಲ. ಆ ಪದ್ಧತಿಗೂ ಅದರದೇ ದೋಷಗಳಿದ್ದವು, ನಿಜ. ಆದರೆ ಪ್ರಶ್ನೆಯಾದರೂ ಕಲಿಕೆಯ ಕುರಿತಾಗಿತ್ತು.

ತರಗತಿಯ ಗಂಟೆಯ ಬೆನ್ನಿಗೆ ಮನೆಯ ಓದಿನ ಗಂಟೆಗಳೂ ಇವೆಯೆಂದು ಅಮೆರಿಕದ ಸರಕಾರ 2010ರ ನಿಯಮದಲ್ಲಿ ಹೇಳಿತು. ವಾರಕ್ಕೆ ಒಂದು ಗಂಟೆ ತರಗತಿ, ಕನಿಷ್ಠ ಎರಡು ಗಂಟೆ ಹೊರಗಿನ ಓದು, ಹೀಗೆ ಸುಮಾರು 15 ವಾರ ನಡೆದರೆ ಒಂದು ಕ್ರೆಡಿಟ್. ಈ ಲೆಕ್ಕದಲ್ಲಿ 15 ಕ್ರೆಡಿಟ್ ಹೊತ್ತ ವಿದ್ಯಾರ್ಥಿ ವಾರಕ್ಕೆ 45 ಗಂಟೆ ಓದಬೇಕು. ನಿಜದಲ್ಲಿ ಓದುತ್ತಾನೆಯೇ? ಫಿಲಿಪ್ ಬ್ಯಾಬ್‌ಕಾಕ್ ಮತ್ತು ಮಿಂಡಿ ಮಾರ್ಕ್ಸ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಸಮೀಕ್ಷೆಗಳನ್ನು ಹೊಸವುಗಳ ಜೊತೆಗಿಟ್ಟು ನೋಡಿದರು. ಪೂರ್ಣಾವಧಿ ವಿದ್ಯಾರ್ಥಿಗಳು ತರಗತಿ ಮತ್ತು ಓದಿಗೆ ಕೊಡುತ್ತಿದ್ದ ಸಮಯ 1961ರಲ್ಲಿ ವಾರಕ್ಕೆ ಸುಮಾರು 40 ಗಂಟೆ. 2003ರ ಹೊತ್ತಿಗೆ ಅದು 27ಕ್ಕೆ ಇಳಿದಿತ್ತು. ದುಡಿಯುವ ಮಕ್ಕಳಲ್ಲಿ ಮಾತ್ರವಲ್ಲ, ದುಡಿಯದವರಲ್ಲೂ ಇಳಿದಿತ್ತು. ಕ್ರೆಡಿಟ್ಟಿನ ಅಂಕಿಯಿಂದ ಈ ಇಳಿತ ಯಾರಿಗೂ ಕಾಣುವಂತಿರಲಿಲ್ಲ.

ನಮ್ಮಲ್ಲಿ 2015ರಲ್ಲಿ ಯುಜಿಸಿ ತಂದ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯಲ್ಲಿ ವಾರಕ್ಕೆ ಒಂದು ಗಂಟೆ ಪಾಠ ಅಥವಾ ಎರಡು ಗಂಟೆ ಪ್ರಯೋಗವೆಂದರೆ ಒಂದು ಕ್ರೆಡಿಟ್. ಮನೆಯ ಓದು ಲೆಕ್ಕದಲ್ಲೇ ಇಲ್ಲ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ಕ್ರೆಡಿಟ್ಟಿಗೆ ಎಲ್ಲ ಬಗೆಯ ಕಲಿಕೆ ಸೇರಿ 30 ಗಂಟೆ, ವರ್ಷಕ್ಕೆ 40 ಕ್ರೆಡಿಟ್, ಅಂದರೆ 1200 ಗಂಟೆ ಎಂದಿತು. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿಗೆ ಹೋಗಿ 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಪದವಿಯ ವರ್ಷಗಳ ಬಗ್ಗೆ ಬೇಕಾದಷ್ಟು ಜಗಳವಾಯಿತು. ಕ್ರೆಡಿಟ್ಟಿನೊಳಗಿನ ಗಂಟೆಗಳ ಬಗ್ಗೆ ಅಷ್ಟು ಮಾತು ಕೇಳಿಬರಲಿಲ್ಲ.

ಮಾತಾಡಬೇಕಾದದ್ದು ಅಲ್ಲೇ. ತರಗತಿಯ ಗಂಟೆ ಎಲ್ಲರಿಗೂ ಒಂದೇ, ಮನೆಯ ಗಂಟೆ ಹಾಗಲ್ಲ. ಹಾಸ್ಟೆಲಿನಲ್ಲಿ ಮೇಜು ದೀಪವಿರುವ ಹುಡುಗನಿಗೆ ಎರಡು ಗಂಟೆಯೆಂದರೆ ಎರಡೇ ಗಂಟೆ. ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದು, ಸಂಜೆ ತಾಯಿಯ ಜೊತೆ ಕೂತು ಬೀಡಿ ಕಟ್ಟುವ ಹುಡುಗಿ ಆ ಎರಡು ಗಂಟೆಯನ್ನು ತನ್ನ ನಿದ್ದೆಯಿಂದ ಕಡ ತರಬೇಕು. ಕನ್ನಡದಲ್ಲೋ ಉರ್ದುವಿನಲ್ಲೋ ಹತ್ತನೆಯ ತರಗತಿ ಮುಗಿಸಿ ಇಂಗ್ಲಿಷಿನಲ್ಲಿ ವಾಣಿಜ್ಯ ಓದುವವನಿಗೆ ಒಂದೊಂದು ಪುಟಕ್ಕೂ ದುಪ್ಪಟ್ಟು ಹೊತ್ತು. ಕೊನೆಗೆ ಮೂವರ ಅಂಕಪಟ್ಟಿಯಲ್ಲೂ ಅದೇ ನಾಲ್ಕು ಕ್ರೆಡಿಟ್. ಹಿಂದೆ ಬಿದ್ದವರನ್ನು ನಾವು ಸೋಮಾರಿಗಳೆಂದು ಬೈಯುತ್ತೇವೆ.

ಹಾಗೆಂದು ಕ್ರೆಡಿಟ್ಟನ್ನು ಕಿತ್ತು ಬಿಸಾಡಬೇಕೆಂದಲ್ಲ. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋಗುವವರಿಗೆ ಅದೇ ಆಸರೆ. 1989ರಲ್ಲಿ ಶುರುವಾದ ಯುರೋಪಿನ ಪದ್ಧತಿ ವಿದ್ಯಾರ್ಥಿಯ ಹೊರೆಯಿಂದಲೇ ಲೆಕ್ಕ ಹಿಡಿಯುತ್ತದೆ. ಅಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಒಟ್ಟು ಕೆಲಸ. ಆ ಅಂದಾಜು ಸರಿಯೇ ಎಂದು ವಿದ್ಯಾರ್ಥಿಗಳನ್ನೇ ಕೇಳಿ ತಿದ್ದಿಕೊಳ್ಳಬೇಕೆಂದು ಅದರ ಮಾರ್ಗದರ್ಶಿ ಹೇಳುತ್ತದೆ. ಇಷ್ಟನ್ನು ನಮ್ಮ ಕಾಲೇಜುಗಳೂ ಮಾಡಬಹುದು. ಸೆಮಿಸ್ಟರಿನ ನಡುವೆ ಒಂದು ದಿನ, ಈ ಅಸೈನ್‌ಮೆಂಟಿಗೆ ನಿನಗೆ ಎಷ್ಟು ಹೊತ್ತು ಬೇಕಾಯಿತು, ಎಲ್ಲಿ ಕೂತು ಬರೆದೆ ಎಂದು ಕೇಳಿದರೆ ಸಾಕು. ಉತ್ತರ ಬಂದ ಮೇಲೆ ಗ್ರಂಥಾಲಯವನ್ನು ಸಂಜೆ ಎಷ್ಟು ಗಂಟೆಯವರೆಗೆ ತೆರೆದಿಡಬೇಕು, ಊರಿನ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದೂ ಪಠ್ಯಕ್ರಮದ ಪ್ರಶ್ನೆಗಳೇ ಆಗುತ್ತವೆ.